ಹತ್ತಿ ಮೊಗ್ಗು ಹಿಡಿದ ಎಡಗೈ

ಐರಣಿಯ ಹೊಳೆ ಕಡೆಯಿಂದ ಬೀಸುವ ಗಾಳಿ ಇನ್ನೂ ತಣ್ಣಗಿದೆ. ಬೀಜಕ್ಕಾಗಿಯೇ ಬೆಳೆದ ಹತ್ತಿ ಹೊಲದ ಬದುವಿನ ಮೇಲೆ ಸಕೀನಾಬಿ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ. ತೊಡೆಯ ಮೇಲೊಂದು ರಟ್ಟು, ಅದಕ್ಕೆ ಕ್ಲಿಪ್ಪು ಹಾಕಿದ ದಪ್ಪ ಕಾಗದ. ಶಾಯಿಯ ಬಾಟಲಿ ಉರುಳಬಾರದೆಂದು ಅದನ್ನು ಮಣ್ಣಿನಲ್ಲಿ ಅರ್ಧ ಹೂತಿಟ್ಟಿದ್ದಾರೆ. ಎದುರಿನ ಗಿಡದಲ್ಲಿ ಒಂದು ಮೊಗ್ಗು ಬಿಚ್ಚಿಕೊಳ್ಳಲು ತಯಾರಾಗಿದೆ. ಅದು ಬಿಚ್ಚುವವರೆಗೆ ಅವರು ಯಾರೊಡನೆಯೂ ಮಾತಾಡುವುದಿಲ್ಲ. ಮಾತಾಡಿಸಲು ಹೋದವರಿಗೆ ಕೈ ಅಡ್ಡ ಮಾಡಿ ಸುಮ್ಮನಿರಿಸುತ್ತಾರೆ.

ಹತ್ತಿ ಹೂವಿನದು ಎರಡು ದಿನದ ಬಾಳು. ಮೊದಲ ದಿನ ಹಾಲಿನ ಕೆನೆಯ ಬಣ್ಣ, ಮರುದಿನ ಗುಲಾಬಿ. ಸಕೀನಾಬಿಗೆ ಈಗ ಎರಡೂ ಬಣ್ಣ ಬೇಕಾಗಿವೆ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಗೆ ಅವರು ಚಾರ್ಟು ಬರೆದುಕೊಡುತ್ತಾರೆ. ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದರ ಹೂವಿಗೆ ಕೈಯಿಂದ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುತ್ತಾರಲ್ಲ, ಆ ಕ್ರಾಸಿಂಗ್ ಕೆಲಸವನ್ನು ಹೊಸ ಹೆಂಗಸರಿಗೆ ಕಲಿಸುವ ಚಿತ್ರಗಳು ಅವು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಸುತ್ತಿನ ಹೊಲಗಳ ತಗಡಿನ ಶೆಡ್ಡುಗಳಲ್ಲಿ, ಗೊಬ್ಬರದ ಅಂಗಡಿಗಳ ಗೋಡೆಗಳಲ್ಲಿ ಇವರ ಚಿತ್ರಗಳು ತೂಗುತ್ತವೆ. ಕೆಳಗೆ ಕಂಪನಿಯ ಹೆಸರಿದೆ, ಛಾಪಖಾನೆಯ ಹೆಸರೂ ಇದೆ. ಬರೆದವರ ಹೆಸರು ಮಾತ್ರ ಇಲ್ಲ, ಅದನ್ನು ಹಾಕಿರೆಂದು ಇವರು ಕೇಳಿದವರೂ ಅಲ್ಲ.

ಮೊಗ್ಗು ಕೊನೆಗೂ ಬಿಚ್ಚುತ್ತದೆ. ಸಕೀನಾಬಿ ಚೀಲದಿಂದ ಪೆನ್ನು ತೆಗೆಯುತ್ತಾರೆ. ಯಾವ ಪೆನ್ನು ಎಂಬುದು ಇವರ ಪಾಲಿಗೆ ಸಣ್ಣ ಪ್ರಶ್ನೆ ಅಲ್ಲವೇ ಅಲ್ಲ. ಎಸಳಿನ ನರಗಳಿಗೆ ಅದ್ದಿ ಬರೆಯುವ ಸಣ್ಣ ನಿಬ್ಬು. ಎಲೆಯ ಅಂಚಿಗೆ ಇಂಜಿನಿಯರುಗಳು ಬಳಸುವ ಡ್ರಾಯಿಂಗ್ ಪೆನ್ನು, ಅದರ ಗೆರೆ ಮೊದಲಿಂದ ಕೊನೆವರೆಗೆ ಒಂದೇ ದಪ್ಪ. ಕಾಂಡಕ್ಕೆ ಬಿದಿರು ಕಡ್ಡಿಯ ಕಲಮು. ಅದು ಅಪ್ಪ ಇಸಾಕಸಾಬರು ಮದುವೆ ಪತ್ರಿಕೆಗಳಿಗೆ ಉರ್ದು ಬರೆಯುತ್ತಿದ್ದ ಕಲಮು, ತಿರುಗಿಸಿದಂತೆ ಗೆರೆ ದಪ್ಪವೂ ಆಗುತ್ತದೆ, ತೆಳುವೂ ಆಗುತ್ತದೆ. ಬಾಲ್ ಪೆನ್ನನ್ನು ಇವರು ಹತ್ತಿರ ಸೇರಿಸುವುದಿಲ್ಲ, ಜೆಲ್ ಪೆನ್ನಿನ ಮೇಲಂತೂ ಸಿಟ್ಟೇ ಇದೆ.

ಸಿಟ್ಟಿಗೆ ಕಾರಣವಿದೆ. ಹೊಸ ಶಾಯಿ ತಂದಾಗೆಲ್ಲ ಇವರು ಒಂದು ಗೆರೆ ಎಳೆದು, ಒಣಗಲು ಬಿಟ್ಟು, ಹೆಬ್ಬೆರಳಿಗೆ ನೀರು ಹಚ್ಚಿಕೊಂಡು ತಿಕ್ಕಿ ನೋಡುತ್ತಾರೆ. ಗೆರೆ ಕದಡಿದರೆ ಆ ಪೆನ್ನು ಮನೆಯ ಕಿರಾಣಿ ಚೀಟಿ ಬರೆಯಲು ಹೋಗುತ್ತದೆ. ಮೊದಲ ಸಲ ಬಣ್ಣ ಹಚ್ಚಿದಾಗ ಈ ಬುದ್ಧಿ ಇರಲಿಲ್ಲ. ದಿನವೆಲ್ಲ ಕೂತು ಜೆಲ್ ಪೆನ್ನಿನಲ್ಲಿ ಬರೆದ ಹೂವಿನ ಮೇಲೆ ತೆಳುವಾಗಿ ಹಳದಿ ಎಳೆದರು. ಕೆಳಗಿನ ಕಪ್ಪು ಗೆರೆಗಳೆಲ್ಲ ಎದ್ದು ಬಂದು ಹಳದಿಯೊಳಗೆ ಕಲಸಿ ಹೂವು ಪಾಚಿಯ ಬಣ್ಣಕ್ಕೆ ತಿರುಗಿತು. ಅಂದು ರಾತ್ರಿ ಊಟ ಸೇರಲಿಲ್ಲವಂತೆ.

“ಬಣ್ಣ ಅನ್ನೋದು ಕಡೀಕ ಬರಬೇಕ್ರಿ,” ಎನ್ನುತ್ತಾರೆ ಸಕೀನಾಬಿ. “ಗೆರಿ ಗಟ್ಟಿ ಇದ್ರ ಬಣ್ಣ ಸ್ವಲ್ಪಾದ್ರೂ ನಡೀತೈತಿ. ಎಲ್ಲಾ ಕಡೆ ಬಣ್ಣ ಬಳದ್ರ ನೋಡೋರಿಗೆ ಎಲ್ಲಿ ನೋಡಬೇಕಂತ ತಿಳಿಯಂಗಿಲ್ಲ. ಕಣ್ಣು ಎಲ್ಲಿ ಹೋಗಬೇಕೋ ಅಷ್ಟಕ್ಕ ಹಚ್ಚಬೇಕು.”

ಈ ವರ್ಷದ ಚಾರ್ಟಿಗೆ ಬಣ್ಣ ಬೇಕೇ ಬೇಕು ಎಂದು ಕಂಪನಿ ಹೇಳಿರುವುದು ಗುಲಾಬಿ ಹೂವಿನ ದೆಸೆಯಿಂದ. ಹೊಸದಾಗಿ ಬಂದ ಹೆಂಗಸರು ಚೆಂದ ಕಂಡಿತೆಂದು ಗುಲಾಬಿ ಹೂವನ್ನೇ ಕಿತ್ತು ಅದರ ಪುಡಿ ಮುಟ್ಟಿಸುತ್ತಾರೆ. ಅದು ನಿನ್ನೆಯ ಹೂವು, ಅದರ ಪುಡಿಯಿಂದ ಕಾಯಿ ಕಟ್ಟುವುದಿಲ್ಲ. ಕಪ್ಪು ಬಿಳುಪು ಚಿತ್ರದಲ್ಲಿ ಇಂದಿನ ಹೂವೂ ನಿನ್ನೆಯ ಹೂವೂ ಒಂದೇ ಥರ ಕಾಣುತ್ತವೆ. ಹಾಗಾಗಿ ಒಂದಕ್ಕೆ ಕೆನೆ, ಒಂದಕ್ಕೆ ಗುಲಾಬಿ, ಬೇರೆ ಪುಡಿ ತಾಗದಂತೆ ಮೊಗ್ಗಿಗೆ ತೊಡಿಸುವ ಕಾಗದದ ಟೊಪ್ಪಿಗೆಗೆ ಕೆಂಪು, ಇಷ್ಟು ಬಂದರೆ ಸಾಕು. ಹೂವು, ಎಲೆ, ಟೊಪ್ಪಿಗೆ ಎಲ್ಲ ಹೆಚ್ಚುಕಡಿಮೆ ಮುಗಿದಿವೆ. ಕಾಗದದ ನಡುವೆ ಮಾತ್ರ ಒಂದು ಜಾಗ ಬೆಳ್ಳಗೆ ಉಳಿದಿದೆ. ಅಲ್ಲಿ ಬರಬೇಕಾದದ್ದು ಮೊಗ್ಗು ಹಿಡಿದ ಒಂದು ಕೈ.

ಆ ಕೈ ಯಾರದಾಗಬೇಕು ಎಂಬುದರಲ್ಲೇ ಸಕೀನಾಬಿಯ ಬದುಕಿನ ಅಷ್ಟೂ ಸಂಕಟ ಇದೆ. ಅವರ ಅಕ್ಕ ಮುಮ್ತಾಜಬಿ ಇರುವುದು ಕದರಮಂಡಲಗಿಯಲ್ಲಿ, ಇಲ್ಲಿಂದ ದೂರವೇನೂ ಅಲ್ಲ. ಆದರೂ ಆರು ವರ್ಷದಿಂದ ಅಕ್ಕ ತಂಗಿಯ ಮನೆಯ ಹೊಸ್ತಿಲು ತುಳಿದಿಲ್ಲ.

ಇಬ್ಬರೂ ಮದುವೆಗೆ ಮುಂಚೆ ಐರಣಿಯ ಇದೇ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಮಧ್ಯಾಹ್ನ ಇಳಿದ ಮೇಲೆ ಮೊಗ್ಗು ಬಿಡಿಸುವುದು, ಬೆಳಿಗ್ಗೆ ಪುಡಿ ಮುಟ್ಟಿಸುವುದು. ಮೊಗ್ಗು ಬಿಡಿಸುವುದೆಂದರೆ ಸಣ್ಣ ಮಾತಲ್ಲ. ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಊರಿ, ಸುತ್ತ ಒಂದು ಗೀರು ಹಾಕಿ, ಮೇಲಿನ ಸಿಪ್ಪೆಯನ್ನೂ ಗಂಡುಭಾಗವನ್ನೂ ಒಂದೇ ತಿರುವಿಗೆ ಕುಲಾವಿ ಕಳಚಿದಂತೆ ಕಳಚಬೇಕು. ಮರುದಿನ ಪುಡಿ ಮುಟ್ಟಿಸಬೇಕಾದ ಒಳಗಿನ ಸಣ್ಣ ಕಡ್ಡಿ ಮುರಿಯಬಾರದು. ಸಕೀನಾಬಿ ಮುಟ್ಟಿದ ಕಡ್ಡಿಗಳೆಲ್ಲ ಮುರಿಯುತ್ತಿದ್ದವು. ಮುಮ್ತಾಜಬಿ ಮುಟ್ಟಿದ್ದು ಒಂದೂ ಮುರಿಯುತ್ತಿರಲಿಲ್ಲ. ತನ್ನ ಸಾಲು ಮುಗಿಸಿ ತಂಗಿಯ ಸಾಲನ್ನೂ ಆಕೆಯೇ ಮುಗಿಸುತ್ತಿದ್ದಳು. ತಂಗಿ ಬದುವಿನ ಮೇಲೆ ಕೂತು ಕೆಂಪು ಟೊಪ್ಪಿಗೆಗಳ ಮೇಲೆ ಹೂವು ಎಲೆ ಗೀಚುತ್ತಿದ್ದಳು. ಕಂಪನಿಯ ಫೀಲ್ಡ್ ಆಫೀಸರ್ ಮಾಲತೇಶಪ್ಪನವರ ಕಣ್ಣಿಗೆ ಒಂದು ದಿನ ಆ ಟೊಪ್ಪಿಗೆಗಳು ಬಿದ್ದವು. ಈಕೆಗೆ ಕಾಗದ ಕೊಟ್ಟು ನೋಡೋಣ ಎಂದರು. ಚಾರ್ಟಿನ ಕೆಲಸ ಶುರುವಾದದ್ದು ಹಾಗೆ.

“ಆಪಾ ನನ್ನ ಸಾಲು ಮಾಡಿರಲಿಲ್ಲ ಅಂದ್ರ ನಾ ಇವತ್ತು ಯಾರದೋ ಹೊಲದಾಗ ಕಳೇವು ತಗೀತಿದ್ದೆ,” ಎನ್ನುತ್ತಾರೆ ಸಕೀನಾಬಿ. ಅಕ್ಕನನ್ನು ಅವರು ಆಪಾ ಎಂದೇ ಕರೆಯುವುದು. “ನನ್ನ ಕೈಯಾಗ ಪೆನ್ನು ಇಟ್ಟಿದ್ದು ಆಕಿ ಕೈರಿ.”

ಆ ಕೈ ಎಡಗೈ. ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ಎಡಗೈ ಮುಂದಾಗುತ್ತದೆಂದು ತಾಯಿ ಅದಕ್ಕೆ ಬಟ್ಟೆ ಸುತ್ತಿ ಕೂರಿಸುತ್ತಿದ್ದರು. ಹಾಗೆ ಕಲಿತು ಮುಮ್ತಾಜಬಿ ಬಲಗೈಯಲ್ಲೇ ಉಂಡಳು, ಬಲಗೈಯಲ್ಲೇ ಕೊಟ್ಟಳು, ಇಸಿದುಕೊಂಡಳು. ಗಂಡನ ಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ನಡೆದುಕೊಂಡಳು. ಹೊಲಕ್ಕೆ ಬಂದರೆ ಮಾತ್ರ ಎಡಗೈ ತಾನಾಗಿ ಹೊರಗೆ ಬರುತ್ತಿತ್ತು. ಹತ್ತಿ ಗಿಡಗಳ ನಡುವೆ ನಿಂತಾಗ ಯಾರು ನೋಡಬೇಕು.

ಇಸಾಕಸಾಬರು ಮಗಳಿಗೆ ಕಲಮು ಹಿಡಿಯಲು ಕಲಿಸಿದಾಗ ಒಂದು ಮಾತು ಹೇಳಿದ್ದರು. ಹೂವು ಬರಿ, ಬಳ್ಳಿ ಬರಿ, ಮುಖ ಮಾತ್ರ ಬರೀಬೇಡ. ಅಪ್ಪ ತೀರಿಹೋಗಿ ಎಷ್ಟೋ ಕಾಲವಾದರೂ ಸಕೀನಾಬಿ ಆ ಮಾತು ಮೀರಿಲ್ಲ. ಮುಖ ಬರೆಯದವರಿಗೆ ಮನುಷ್ಯರಲ್ಲಿ ಉಳಿಯುವುದು ಕೈ ಒಂದೇ. ಹಾಗಾಗಿ ಆರು ವರ್ಷದ ಕೆಳಗೆ ಹತ್ತಿಯ ಚಾರ್ಟಿಗೆ ಒಂದು ಕೈ ಬೇಕು ಎಂದಾಗ ಅವರು ಹುಡುಕಾಡಲಿಲ್ಲ. ಅಕ್ಕ ಒಂದು ವಾರ ತವರಿಗೆ ಬಂದಿದ್ದಳು. ಒಂದು ಸಂಜೆ ಹೊಲಕ್ಕೆ ಕರೆದುಕೊಂಡು ಹೋಗಿ, ಮೊಗ್ಗು ಬಿಡಿಸು ಎಂದು ಹೇಳಿ, ಪಕ್ಕದಲ್ಲಿ ಕೂತು ಬರೆದರು. ಎಲ್ಲಕ್ಕಿಂತ ಸಣ್ಣ ನಿಬ್ಬಿನಿಂದ, ಒತ್ತಿ, ಸಡಿಲಿಸಿ, ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಕಟ್ಟಿದರು. ಬಾಗಿಲ ಸಂದಿಗೆ ಸಿಕ್ಕಿ ಸೊಟ್ಟಾದ ಕಿರುಬೆರಳನ್ನೂ ಬಿಡಲಿಲ್ಲ. ಕೈ ಬರೆಯಲು ಡ್ರಾಯಿಂಗ್ ಪೆನ್ನು ಏಕೆ ಆಗದು ಎಂದು ಕೇಳಿದರೆ ಅವರ ಉತ್ತರ ಹೀಗೆ: “ಅದರ ಗೆರಿ ಎಲ್ಲಾ ಕೈನೂ ಒಂದ ಮಾಡಿಬಿಡ್ತೈತಿ. ಕೈ ಯಾರದು ಅಂತ ಹೇಳಬೇಕಂದ್ರ ನಿಬ್ಬ ಬೇಕು.”

ನಿಬ್ಬು ಚೆನ್ನಾಗಿಯೇ ಹೇಳಿತು. ಚಾರ್ಟು ಛಾಪಾಗಿ ಊರೂರಿಗೆ ಹೋಯಿತು. ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಆ ವರ್ಷವೇ ಕ್ರಾಸಿಂಗ್ ಶುರುವಾಗಿತ್ತು, ಕಲಿಸುವವರು ಯಾರೂ ಇರಲಿಲ್ಲ. ಅಲ್ಲಿನ ಹೆಂಗಸರು ಶೆಡ್ಡಿನ ಗೋಡೆ ನೋಡಿಯೇ ಕಲಿತರು. ಹಂಗಾಮಿನ ನಡುವೆ ಮಾಲತೇಶಪ್ಪನವರು ಅಲ್ಲಿಗೆ ಹೋದಾಗ ಹೊಲದ ತುಂಬ ಹೆಂಗಸರು ಎಡಗೈಯಲ್ಲಿ ಮೊಗ್ಗು ತಿರುವುತ್ತ ಒದ್ದಾಡುತ್ತಿದ್ದರು. ಬಲಗೈಯಲ್ಲಿ ಯಾಕೆ ಮಾಡುತ್ತಿಲ್ಲ ಎಂದು ಕೇಳಿದರೆ, ಈ ಕೆಲಸಕ್ಕೆ ಎಡಗೈಯೇ ಆಗಬೇಕಂತಲ್ಲ, ಪಟದಲ್ಲಿ ಹಾಗೇ ಇದೆಯಲ್ಲ ಎಂದರು. ಮಾಲತೇಶಪ್ಪನವರು ಮೊದಲು ನಕ್ಕರು, ಆಮೇಲೆ ರಾಣೆಬೆನ್ನೂರಿಗೆ ಬಂದು ಸಕೀನಾಬಿಯನ್ನು ಕೇಳಿದರು.

ಸಕೀನಾಬಿ ಸುಳ್ಳು ಹೇಳಿದರು. ಪೆನ್ನು ಬಲಗೈಯಲ್ಲಿತ್ತು, ನೋಡಿ ಬರೆಯಲು ಖಾಲಿ ಇದ್ದದ್ದು ನನ್ನ ಎಡಗೈ ಒಂದೇ ಎಂದರು. ಆಫೀಸರಿಗೆ ಅದು ಸರಿ ಎನಿಸಿತು. ಹೆಂಗಸರಿಗೆ ಮಾತ್ರ ಈ ಸುಳ್ಳು ಸಾಲಲಿಲ್ಲ. ಹಳೆಯ ಗೆಳತಿಯರು ಸೊಟ್ಟ ಕಿರುಬೆರಳನ್ನು ನೋಡಿದ ಕೂಡಲೇ ಗುರುತು ಹಿಡಿದಿದ್ದರು. ಬ್ಯಾಡಗಿಯಲ್ಲಿ ಒಂದು ಮದುವೆ. ಊಟಕ್ಕೆ ಕೂತ ಮುಮ್ತಾಜಬಿ ತುತ್ತು ಕಲಸಿದಾಗ ಎದುರಿಗಿದ್ದ ಒಬ್ಬಾಕೆ, ಪಟದೊಳಗಿನ ಕೈಯಲ್ಲೇ ಉಣ್ಣಬಹುದಲ್ಲ, ಮುಚ್ಚಿಡುವುದು ಯಾಕೆ ಎಂದು ಛೇಡಿಸಿದಳು. ಸಾಲೆಲ್ಲ ನಕ್ಕಿತು. ಪಕ್ಕದಲ್ಲಿ ಅತ್ತೆ ಇದ್ದರು. ಮುಮ್ತಾಜಬಿ ತುತ್ತು ಹಾಗೇ ಬಿಟ್ಟು ಕೈ ತೊಳೆದು ಎದ್ದಳು.

ಅಂದಿನಿಂದ ಬರುವುದು ನಿಂತಿತು. ಫೋನು ಮಾಡಿದರೆ ಎತ್ತುವುದಿಲ್ಲ. ಪ್ರತಿ ರಂಜಾನಿಗೆ ಸಕೀನಾಬಿ ಶಾವಿಗೆಯ ಶೀರಕುರ್ಮಾ ತುಂಬಿ ಡಬ್ಬಿ ಕಳಿಸುತ್ತಾರೆ. ಬೇರೆಯವರ ಮನೆಯ ಡಬ್ಬಿಯನ್ನು ಬರಿದಾಗಿ ತಿರುಗಿ ಕಳಿಸಬಾರದು, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು ಎಂಬುದು ಇಲ್ಲಿನ ವಾಡಿಕೆ. ಅಕ್ಕನ ಮನೆಯಿಂದ ಡಬ್ಬಿ ತೊಳೆದು, ಒರೆಸಿ, ಬರಿದಾಗಿಯೇ ಬರುತ್ತದೆ. ಆದರೂ ಪ್ರತಿ ವರ್ಷವೂ ಇವರು ಮುಚ್ಚಳ ತೆಗೆದು ಒಳಗೆ ನೋಡುತ್ತಾರೆ. ಗಂಡ ರಾಣೆಬೆನ್ನೂರಿನ ರೈಲ್ವೆ ಸ್ಟೇಶನ್ನಿನಲ್ಲಿ ಆಟೊ ಹಚ್ಚುವವರು, ಇನ್ನು ಡಬ್ಬಿ ಕಳಿಸಬೇಡ ಎಂದು ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದಾರೆ.

“ನಾ ತಪ್ಪು ಮಾಡಬೇಕಂತ ತಗದಿಲ್ರಿ,” ಎನ್ನುವಾಗ ಸಕೀನಾಬಿಯ ದನಿ ತಗ್ಗುತ್ತದೆ. “ಅಷ್ಟು ಚೆಂದ ಕೈ ಯಾರರೆ ನೋಡಲಿ ಅಂತಿತ್ತು. ಆಕಿ ಅದನ್ನ ಇಷ್ಟು ವರ್ಷ ಮುಚ್ಚಿಟ್ಕೊಂಡಾಳ, ಅದು ನನಗ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ. ಒಂದು ಮಾತು ಕೇಳಬೇಕಿತ್ತು.”

ಹೊಸ ಚಾರ್ಟಿನ ಮಾತು ಬಂದಾಗ ಮಾಲತೇಶಪ್ಪನವರು ಒಂದು ಸುಲಭದ ದಾರಿ ತೋರಿಸಿದರು. ಹಳೆಯ ಕೈಯನ್ನೇ ಕಂಪ್ಯೂಟರಿನಲ್ಲಿ ತಿರುಗಿಸಿಬಿಟ್ಟರೆ ಎಡ ಹೋಗಿ ಬಲವಾಗುತ್ತದೆ. ಮೊಬೈಲಿನಲ್ಲಿ ತಿರುಗಿಸಿ ತೋರಿಸಿಯೂ ಬಿಟ್ಟರು. ಸಕೀನಾಬಿ ಬಹಳ ಹೊತ್ತು ನೋಡಿದರು. ಉಗುರು ಅದೇ, ಗೆಣ್ಣು ಅವೇ, ಸೊಟ್ಟ ಬೆರಳೂ ಅದೇ. ಆದರೆ ಆ ಕೈ ಅಕ್ಕನದಾಗಿ ಕಾಣಲಿಲ್ಲ, ಯಾರೋ ಅಕ್ಕನನ್ನು ಮತ್ತೊಮ್ಮೆ ಹಿಡಿದು ಬಟ್ಟೆ ಸುತ್ತಿದಂತೆ ಅನಿಸಿತು. ಇದು ಬೇಡ, ಹೊಸದಾಗಿ ಬರೆಯುತ್ತೇನೆ ಎಂದರು.

ಅಕ್ಕ ತಂಗಿಯರ ನಡುವೆ ಉಳಿದಿರುವ ಒಂದೇ ಸೇತುವೆ ಹೊನ್ನವ್ವ. ಅವರಿಬ್ಬರೊಂದಿಗೆ ಹಿಂದೆ ಒಂದೇ ಸಾಲಿನಲ್ಲಿ ದುಡಿದವಳು, ಈಗ ಹೊಲದ ಕೂಲಿ ಬಿಟ್ಟು ರೊಟ್ಟಿ ಬಡಿದು ಮಾರುತ್ತಾಳೆ. ಶನಿವಾರ ತಪ್ಪದೆ ಕದರಮಂಡಲಗಿಯ ಆಂಜನೇಯನಿಗೆ ಹೋಗುತ್ತಾಳೆ. ದೇವರಿಗೆ ಕಾಯಿ ಒಡೆಸಿಕೊಂಡು ಹಾಗೇ ಮುಮ್ತಾಜಬಿಯ ಮನೆಯ ಕಟ್ಟೆಯ ಮೇಲೆ ಚಹಾ ಕುಡಿದು, ಸುದ್ದಿ ಕಟ್ಟಿಕೊಂಡು ಬರುತ್ತಾಳೆ. ದರ್ಶನ ಮುಖ್ಯವೋ ಚಹಾ ಮುಖ್ಯವೋ ಎಂದು ಕೇಳಿದರೆ ಎರಡೂ ಎನ್ನುವವಳು. ಆಕೆಯ ಕೈಯಲ್ಲಿ ಸಕೀನಾಬಿ ಹೇಳಿಕಳಿಸಿದರು: ಈ ಸಲ ಕೇಳಿ ಬರೆಯುತ್ತೇನೆ, ಬಂದು ಎದುರಿಗೆ ಕೂತುಕೋ.

ಉತ್ತರ ಮುಂದಿನ ಬಸ್ಸಿಗೇ ಬಂತು. ನನ್ನ ಕೈ ಸುದ್ದಿಗೆ ಬರಬೇಡ, ಯಾರದಾದರೂ ಬಲಗೈ ಬರೆದುಕೋ ಎಂದು ಮುಮ್ತಾಜಬಿ ಹೇಳಿದ್ದಳು. ಹೊನ್ನವ್ವ ಇದನ್ನು ಅಳುಕುತ್ತಲೇ ಮುಟ್ಟಿಸಿದಳು. ಸಕೀನಾಬಿ ಆ ಮಾತನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. ಬೈಗುಳವಾದರೂ ಆರು ವರ್ಷದಲ್ಲಿ ಅಕ್ಕ ತನಗೆಂದು ಆಡಿದ ಮೊದಲ ಮಾತು ಅದು. ಆ ದಿನ ಅವರಿಗೆ ಖುಷಿಯೇ ಆಯಿತು.

ಬಲಗೈ ಯಾರದು ಎಂದು ಹುಡುಕುವಾಗ ಹೊನ್ನವ್ವ ತಾನೇ ಮುಂದೆ ಬಂದಳು. ತನ್ನ ಕೈ ಊರೂರು ತೂಗುತ್ತದೆ ಎಂಬ ಸಡಗರ ಬೇರೆ. ಹೊಸ ಬಳೆ ಇಟ್ಟುಕೊಂಡು, ಕೈಗೆ ಎಣ್ಣೆ ಹಚ್ಚಿಕೊಂಡು, ಫೋಟೋ ಸ್ಟುಡಿಯೋದಲ್ಲಿ ಕೂತವರ ಹಾಗೆ ಬೆರಳುಗಳನ್ನು ಸೆಟೆಸಿ ಮೊಗ್ಗು ಹಿಡಿದಳು. ಸಕೀನಾಬಿ ಈ ಸಲ ನಿಬ್ಬು ಮುಟ್ಟಲಿಲ್ಲ. ಯಾರ ಕೈ ಎಂದು ಯಾರಿಗೂ ಗುರುತು ಸಿಗದಿರಲಿ ಎಂದು ಡ್ರಾಯಿಂಗ್ ಪೆನ್ನಿನಿಂದ ಬರೆದರು. ಗೆರೆ ಶುದ್ಧವಾಗಿ ಬಂತು. ಮಾಲತೇಶಪ್ಪನವರು ಮೆಚ್ಚಿದರು. ಬಣ್ಣ ಹಚ್ಚಿ ಬೇಗ ಕೊಟ್ಟರೆ ಛಾಪಿಗೆ ಕಳಿಸಬಹುದು ಎಂದರು. ಸಕೀನಾಬಿಗೆ ಮಾತ್ರ ಬಣ್ಣದ ಡಬ್ಬಿ ತೆರೆಯಲು ಮನಸ್ಸಾಗಲಿಲ್ಲ.

ಅದರ ಫೋಟೋ ಹೊನ್ನವ್ವನ ಮೊಬೈಲಿನಲ್ಲಿತ್ತು. ಕಳೆದ ಶನಿವಾರ ತನ್ನ ಕೈ ತೋರಿಸುವ ಹುಮ್ಮಸ್ಸಿನಲ್ಲಿ ಆಕೆ ಅದನ್ನು ಮುಮ್ತಾಜಬಿಯ ಮುಂದೆ ಹಿಡಿದಳು. ಮುಮ್ತಾಜಬಿ ಮೊದಲು ಮುಖ ತಿರುಗಿಸಿದಳಂತೆ. ಆಮೇಲೆ ಮೊಬೈಲು ಇಸಿದುಕೊಂಡು, ಚಿತ್ರ ದೊಡ್ಡದು ಮಾಡಿ, ಬಾಗಿಲ ಬೆಳಕಿಗೆ ಒಯ್ದು ನೋಡಿದಳಂತೆ. ಇಸಿದುಕೊಂಡದ್ದು ಎಡಗೈಯಲ್ಲಿ ಎಂದು ಹೊನ್ನವ್ವ ಒತ್ತಿ ಹೇಳುತ್ತಾಳೆ. ಅತ್ತೆ ಅಲ್ಲೇ ಇದ್ದರಂತೆ. ಮುಮ್ತಾಜಬಿ ಆಡಿದ ಮಾತನ್ನು ಹೊನ್ನವ್ವ ಇದ್ದದ್ದು ಇದ್ದ ಹಾಗೆ ಒಪ್ಪಿಸುತ್ತಾಳೆ:

“ಹೆಬ್ಬೆಟ್ಟು ಇಷ್ಟು ಮ್ಯಾಲೆ ಇಟ್ರ ಒಳಗಿನ ಕಡ್ಡಿ ಮುರೀತೈತಿ. ಇದನ್ನ ನೋಡಿ ಕಲತೋರು ಹೊಲದಾಗಿನ ಮೊಗ್ಗಷ್ಟೂ ಹಾಳ ಮಾಡ್ತಾರ. ಹಿಂಗ ಛಾಪಸಬ್ಯಾಡ ಅಂತ ಹೇಳು ಆಕಿಗೆ. ನಾನ ಬಂದು ತೋರಸ್ತೇನಿ.”

ಯಾವಾಗ ಎಂದು ಹೊನ್ನವ್ವ ಕೇಳಲಿಲ್ಲ, ಮುಮ್ತಾಜಬಿ ಹೇಳಲೂ ಇಲ್ಲ. ಈ ಸಂಗತಿಯನ್ನೆಲ್ಲ ಈ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಆಮೇಲೆ ಆಕೆಗೆ ಫೋನು ಮಾಡಿ ಕೇಳಿದ್ದೂ ಹೊನ್ನವ್ವನೇ. ಗೋಡೆಗೆ ಬಂದಾಗಿದೆ, ಇನ್ನು ಪೇಪರಿಗೆ ಬಂದರೆ ಹೊಸದೇನು ಎಂದು ಮುಮ್ತಾಜಬಿ ಒಪ್ಪಿಗೆ ಕೊಟ್ಟಳು.

ಕೈ ಹಿಡಿದ ರೀತಿ ತಪ್ಪಾಗಿದ್ದು ನಿಜ. ಚೆಂದ ಕಾಣಲೆಂದು ಬೆರಳು ಸೆಟೆಸಿದಾಗ ಹೊನ್ನವ್ವನ ಹೆಬ್ಬೆರಳು ಬುಡ ಬಿಟ್ಟು ಮೇಲಕ್ಕೆ ಸರಿದಿತ್ತು. ಕಂಡದ್ದನ್ನು ಕಂಡ ಹಾಗೆ ಬರೆಯುವ ಸಕೀನಾಬಿ ಹಾಗೇ ಬರೆದಿದ್ದರು. ಹೊಲದಲ್ಲಿ ಅವರು ಮೊಗ್ಗು ಬಿಡಿಸುವುದರಲ್ಲಿ ಎಂದೂ ಪಳಗಿದವರಲ್ಲ. ತಪ್ಪನ್ನು ಬೇಕೆಂದೇ ಮಾಡಿದಿರೇನು, ಅಕ್ಕ ಬರಲಿ ಎಂದು ಹೂಡಿದ ಆಟವೇ ಎಂದು ಕೇಳಿದರೆ ಗಾಬರಿಯಾಗುತ್ತಾರೆ. ಅಷ್ಟು ಬುದ್ಧಿ ಇದ್ದಿದ್ದರೆ ಆರು ವರ್ಷದ ಹಿಂದೆಯೇ ಇಂಥದ್ದೊಂದು ತಪ್ಪು ಮಾಡುತ್ತಿದ್ದೆ ಎಂದು ನಗುತ್ತಾರೆ. ನಗುವಾಗಲೂ ಕಣ್ಣು ಬಸ್ ರಸ್ತೆಯ ಕಡೆಗೇ ಇರುತ್ತದೆ.

ಶಾಯಿಯಲ್ಲಿ ಎಳೆದ ಗೆರೆಯನ್ನು ಅಳಿಸಲು ಬರುವುದಿಲ್ಲ. ಆದ್ದರಿಂದಲೇ ಹೊಸ ಕಾಗದ ತೆಗೆದುಕೊಂಡು ಹೂವು, ಎಲೆ, ಟೊಪ್ಪಿಗೆ ಎಲ್ಲವನ್ನೂ ಮತ್ತೆ ಬರೆದಿದ್ದಾರೆ, ನಡುವಿನ ಜಾಗ ಬಿಟ್ಟಿದ್ದಾರೆ. ಮಾಲತೇಶಪ್ಪನವರಿಂದ ದಿನಾ ಫೋನು ಬರುತ್ತಿದೆ. ಸೋಮವಾರದೊಳಗೆ ಚಿತ್ರ ಕೈಸೇರದಿದ್ದರೆ ಈ ಹಂಗಾಮಿಗೆ ಬೇರೆ ಯಾರಿಂದಲೋ ಮಾಡಿಸಬೇಕಾಗುತ್ತದೆ ಎಂದು ಅವರೂ ಸಂಕೋಚದಿಂದಲೇ ಹೇಳಿದ್ದಾರೆ. ಸೋಮವಾರಕ್ಕೆ ಇನ್ನು ಮೂರೇ ದಿನ. ಹೊನ್ನವ್ವನ ಹೆಬ್ಬೆರಳನ್ನೇ ಒಂದಿಷ್ಟು ಕೆಳಗಿಳಿಸಿ ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ. ಇದನ್ನು ಗಂಡನೂ ಹೇಳಿದ್ದಾರೆ, ಹೊನ್ನವ್ವನೂ ಹೇಳಿದ್ದಾಳೆ. ಸಕೀನಾಬಿ ತಲೆಯಾಡಿಸಿ ಕೇಳಿಸಿಕೊಳ್ಳುತ್ತಾರೆ, ಮಾಡುವುದಿಲ್ಲ.

ಬಿಸಿಲೇರಿದೆ. ಬೆಳಗಿನ ಹೂವಿಗೆ ಕೆನೆಯ ಬಣ್ಣ ಹಚ್ಚಿ ಮುಗಿಸಿ, ಕುಂಚ ತೊಳೆದು, ಸೀರೆಯ ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುತ್ತಾರೆ. ಮೊಗ್ಗು ಬಿಡಿಸುವ ಹೊತ್ತಿಗೆ ಅಂದರೆ ಮಧ್ಯಾಹ್ನ ಇಳಿದ ಮೇಲೆ ಮತ್ತೆ ಇಲ್ಲಿಗೇ ಬಂದು ಕೂರುತ್ತಾರೆ, ಈ ವಾರವಿಡೀ ಹೀಗೇ ನಡೆದಿದೆ. ಅಕ್ಕ ಬಂದರೆ ಆ ಹೊತ್ತಿಗೇ ಬರಬೇಕು. ಬಂದರೆ ಯಾವ ಪೆನ್ನು ಎಂದು ಕೇಳಿದ್ದಕ್ಕೆ ಅವರು ಚೀಲದಿಂದ ಸಣ್ಣ ನಿಬ್ಬನ್ನು ತೆಗೆದು ತೋರಿಸುತ್ತಾರೆ. ಎಡಗೈ ಚಾಚಿದರೆ ಎಡಗೈ, ಬಲಗೈ ಚಾಚಿದರೆ ಬಲಗೈ, ಈ ಸಲ ಆಪಾ ಹೇಳಿದ್ದೇ ಆಗಬೇಕು ಎನ್ನುತ್ತಾರೆ. ಆಕೆ ಇನ್ನೂ ಸಿಟ್ಟಿನಲ್ಲೇ ಇದ್ದು, ಊರ ಮುಂದೆ ನಾಲ್ಕು ಮಾತು ಅಂದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಸಕೀನಾಬಿ ರಟ್ಟನ್ನು ಎದೆಗೊತ್ತಿಕೊಳ್ಳುತ್ತಾರೆ.

“ಅನ್ನಲಿ ಬಿಡ್ರಿ,” ಎನ್ನುತ್ತಾರೆ. “ಬೈಯಾಕರೆ ಬರಲಿ.”